ಸುಣ್ಣ ಹೊಡೆಸಿದ ಗೋರಿ

17 ಜನವರಿ 2025, ಶುಕ್ರವಾರ

ನನ್ನ ಅತಿಜಾಣತನದಿಂದ ಇವತ್ತು ಮಾನ ಹೋಗುವುದರಲ್ಲಿತ್ತು. ಇಂಗ್ಲೆಂಡಿನ ಮೇಡಂ ಬರುತ್ತಾರೆಂದು, ಟಿಪ್ಪು ಕಾಲದ ರಾಯಕೋಟೆ ಯುದ್ಧದಲ್ಲಿ ಸತ್ತ ಬಿಳಿ ಸಿಪಾಯಿಗಳ ಏಳೂ ಗೋರಿಗಳಿಗೆ ನಿನ್ನೆ ಸುಣ್ಣ ಹೊಡೆಸಿದ್ದೆ. ಅವರು ಬಂದವರೇ ತಂದೆ ತೆಗೆದಿದ್ದ ಹಳೆಯ ಫೋಟೊ ತೋರಿಸಿ, ಅರಿಶಿನ ಬಳಿದ ಈ ಗೋರಿ ತಮ್ಮ ವಂಶದ ಹಿರಿಯನದು, ಎಲ್ಲಿದೆ ಎಂದರು. ಹೆಸರುಗಳು ಎಂದೋ ಸವೆದುಹೋಗಿವೆ. ಇಷ್ಟು ವರ್ಷ ಗೈಡ್ ಆಗಿದ್ದರೂ ಅರಿಶಿನ ಯಾವ ಗೋರಿಗಿತ್ತೆಂದು ನಾನು ಗಮನಿಸಿಯೇ ಇರಲಿಲ್ಲ.

ಪುಣ್ಯಕ್ಕೆ ಇವತ್ತು ಶುಕ್ರವಾರ. ಕೆಳಗಿನ ಮನೆಯ ಆದಿಲಕ್ಷ್ಮಮ್ಮ ಅರಿಶಿನದ ಬಟ್ಟಲು ಹಿಡಿದು ಬಂದು, ನೇರವಾಗಿ ಮೂರನೆಯ ಗೋರಿಯ ಮುಂದೆ ಕೂತರು.

"ಇದೇ ಅಂತ ಹೆಂಗೆ ಗೊತ್ತಮ್ಮ?" ಎಂದೆ.

"ನಮ್ಮತ್ತೆ ಕಾಲದಿಂದ ಶುಕ್ರವಾರ ಶುಕ್ರವಾರ ಬಳೀತಿದೀವಿ, ಗೊತ್ತಾಗಾಕಿಲ್ವೇನ್ಲಾ? ಯಾವನ್ಲಾ ಇದಕ್ಕೆ ಸುಣ್ಣ ಹೊಡೆಸ್ದೋನು?"

ಮೇಡಂಗೆ ಆ ಗೋರಿ ತೋರಿಸಿದೆ. ಬಟ್ಟಲು ಹಿಡಿದುಕೊಂಡು ಅವರ ಪಕ್ಕ ಕೂತೆ.