ಮಿಷಿಗನ್ ಸರೋವರಕ್ಕೆ ಬಿದ್ದ ಈಜುಗಾರ

ನಾದಿನಿ ದಾನಿಯಾಗೆ ಭಾಬಿಯ ಸಲಾಂ.

ಹರಿಹರದಲ್ಲಿ ಹೊಳೆ ಈಜಿ ದಾಟುತ್ತಿದ್ದ ನಿನ್ನ ಅಣ್ಣ ಶನಿವಾರ ಗೆಳೆಯ ಸೊಹೈಲ್‌ನ ದೋಣಿಯಿಂದ ಮಿಷಿಗನ್ ಸರೋವರಕ್ಕೆ ಬಿದ್ದರು. ದೋಣಿ ಹತ್ತುವಾಗ ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ನಾನು ಹೇಳಿದ್ದಕ್ಕೆ, "ಅದೆಲ್ಲ ಈಜು ಬರದೋರಿಗೆ ಕಣೇ" ಎಂದಿದ್ದರು. ಮೇ ತಿಂಗಳ ಬಿಸಿಲು ಚೆನ್ನಾಗಿತ್ತು, ನೀರು ಮಾತ್ರ ಆಗಷ್ಟೇ ಕರಗಿದ ಮಂಜುಗಡ್ಡೆಯಂತಿತ್ತು. ಬಿದ್ದೊಡನೆ ಉಸಿರು ಸಿಕ್ಕಿಕೊಂಡಿತು. ಮನೆಯಲ್ಲಿ ಎಂದೂ ಮುಚ್ಚದ ಬಾಯಿಂದ ಒಂದು ಕೂಗೂ ಹೊರಡಲಿಲ್ಲ. ಎಸೆದ ಹಗ್ಗ ಹಿಡಿಯಲು ಬೆರಳುಗಳು ಮಡಚಿಕೊಳ್ಳಲಿಲ್ಲ. ಸತ್ತೇಹೋದರೆಂದು ಚೀರುತ್ತಲೇ ನಾನು ಸೊಹೈಲ್ ಜೊತೆ ಸೇರಿ ಕಾಲರ್ ಹಿಡಿದು ಮೇಲಕ್ಕೆಳೆದೆ. ಹಲ್ಲು ಕಟಕಟಿಸುತ್ತಾ, "ಬಿಟ್ಟಿದ್ರೆ ನಾನೇ ಬರ್ತಿದ್ದೆ" ಎಂದರು.

ಕೆಮ್ಮು ಬಿಟ್ಟರೆ ಆರಾಮಿದ್ದಾರೆ, ಅಮ್ಮಿಗೆ ತಿಳಿಸಬೇಡ. ಇಟಾಸ್ಕಾದ ತಮ್ಮ ಆಫೀಸಿನಲ್ಲಿ ಮಾತ್ರ, ಬಿದ್ದವಳು ನಾನು, ಹಾರಿ ಎತ್ತಿದವರು ತಾವು ಎಂದು ಹೇಳಿದ್ದಾರಂತೆ.

ವೀರರು ಕಷಾಯಕ್ಕೆ ಕೂಗುತ್ತಿದ್ದಾರೆ, ನಿಲ್ಲಿಸುತ್ತೇನೆ.

ಗುಲ್‌ಶನ್