ತಲೆವರ್ಷದಲ್ಲಿ ಅಕ್ಕನಾದ ತಂಗಿ

ಫೆಬ್ರುವರಿ ೩೦, ೨೧೭೪
(ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ.)

ಮುತ್ತಜ್ಜಿಯ ಮುತ್ತಜ್ಜಿ ಶಿವಗಂಗವ್ವನವರಿಗೆ ಬಸಲಿಂಗವ್ವನ ಶರಣು.

ಬರೆಯುವುದೆಂದರೆ ನನಗಾಗದು. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು, ರಕ್ತಸಂಬಂಧಿಯ ಕೈಬರಹವನ್ನಷ್ಟೇ ಒಯ್ಯುತ್ತದಂತೆ. ಅದಕ್ಕೇ ತಂಗಿಯ ಡಾಕ್ಟರು ನನ್ನನ್ನು ಹಿಡಿದು ಕೂರಿಸಿದ್ದಾರೆ. ನಮ್ಮ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಎಲ್ಲರಿಗೂ ಎರಡು ವಯಸ್ಸು. ಹುಟ್ಟಿದಂದಿನಿಂದ ಎಣಿಸುವುದು ಮೈವರ್ಷ, ಮಿದುಳು ಎಷ್ಟು ಮುಪ್ಪಾಗಿದೆ ಎಂದು ಅಳೆಯುವುದು ತಲೆವರ್ಷ. ಯಾರ ತಲೆವರ್ಷ ದೊಡ್ಡದೋ ಅವರಿಗೆ ಮೊದಲ ರೊಟ್ಟಿ, ಅವರೇ ಮನೆಗೆ ಅಕ್ಕ ಇಲ್ಲವೆ ಅಣ್ಣ. ನನ್ನ ತಂಗಿ ನೀಲವ್ವನಿಗೆ ಹರೆಯದಿಂದಲೂ ಸ್ಕಿಜೋಫ್ರೇನಿಯಾ. ಯಾರೂ ಇಲ್ಲದಾಗಲೂ ದನಿಗಳು ಕೇಳಿಸುತ್ತವೆ. ಮೈವರ್ಷ ಅರವತ್ತನಾಲ್ಕು, ತಲೆವರ್ಷ ಎಪ್ಪತ್ಮೂರು. ನನಗೆ ಎರಡೂ ಅರವತ್ತೆಂಟು.

ಅಳತೆ ಬಂದ ದಿನ ಅವಳ ತಾಟಿಗೆ ಮೊದಲ ರೊಟ್ಟಿ ಹಾಕಿ, "ತಗೋ ಅಕ್ಕಾ" ಅಂದೆ.

"ಹೂಂನವಾ ತಂಗಿ, ಬೆಣ್ಣಿ ಯಾರು ಹಾಕ್ತಾರ?" ಎಂದು ನಕ್ಕಳು. ಆಮೇಲೆ ರೊಟ್ಟಿ ಮುರಿಯದೆ ಕೂತು, "ನಿನ್ನ ಹೆಸರು ಮರಿಯೂಕಿಂತ ಮೊದಲ ಏನರ ಮಾಡ, ಬಸಕ್ಕ" ಅಂದಳು.

ಆಸ್ಪತ್ರೆಯ ದೀಪಕೋಣೆಯಲ್ಲಿ ಅವಳ ಮಿದುಳನ್ನು ಗೋಡೆಯಗಲ ಬೆಳಗಿಸಿ ತೋರಿಸಿದರು. ಎಣಿಸಲಾರದಷ್ಟು ಮಿಣುಕು, ಅಲ್ಲಲ್ಲಿ ಕಾಲಕ್ಕೆ ಮೊದಲೇ ಮಂಕು. ನೀಲವ್ವ ಮಲಗಿದಲ್ಲೇ ನಮ್ಮವ್ವನ ಜೋಗುಳ ಗುನುಗಿದಳು. ಹಾಡಿನ ಜತೆ ಹರಿದ ಬೆಳಕು ಮಂಕಾದ ಕಡೆ ಬಂದು ತಡೆದು ನಿಂತಿತು. ಕಾಲುವೆಗೆ ಮಣ್ಣು ಕುಸಿದಾಗ ನೀರು ಪಕ್ಕದ ಹೊಲ ಬಳಸಿ ಹೋಗುತ್ತದಲ್ಲ, ಹಾಗೆ ಸುತ್ತು ಹಾಕಿ, ಹಾಡನ್ನು ದಡ ಮುಟ್ಟಿಸಿತು. ಕೆಟ್ಟ ತಲೆಯೆಂದು ಜನ ಬೈದ ತಲೆ ಅಷ್ಟು ದುಡಿಯುತ್ತಿತ್ತು.

ಈ ಮುಪ್ಪನ್ನು ನಿಧಾನ ಮಾಡುವ ಔಷಧಿ ಇದೆ. ಆದರೆ ನಮ್ಮ ರಕ್ತದವರಲ್ಲಿ ಈ ಮುಪ್ಪು ಎಷ್ಟು ಬೇಗ ಓಡುತ್ತದೆಂದು ತಿಳಿಯದೆ ಪ್ರಮಾಣ ಹೇಳಲಾಗದಂತೆ. ಕಡಿಮೆಯಾದರೆ ದಂಡ, ಹೆಚ್ಚಾದರೆ ನೀಲವ್ವ ಉಳಿಯುವುದಿಲ್ಲ. ಅದೇ ಕಾಯಿಲೆಯ ನಿಮ್ಮ ತಮ್ಮ ಗುರುಪಾದಪ್ಪ ನಿಮ್ಮ ಮನೆಯಲ್ಲೇ ಇದ್ದಾನೆ. ಅವನು ಮರೆತಾಗಲೆಲ್ಲ ಹುಚ್ಚು ಜಾಸ್ತಿಯಾಯಿತು ಅಂದಿರಂತೆ. ನಮ್ಮವರೆಗೆ ಬಂದಿರುವುದು ಅಷ್ಟೇ ಮಾತು. ಕೇಳಿದರೆ ಮೈ ಉರಿಯುತ್ತದೆ. ಅದು ಮುಪ್ಪು, ತಾಯೀ. ಅವನ ಮುಖ ನೋಡಿ. ಯಾವ ವಯಸ್ಸಿಗೆ ಅಂಗಿಯ ಗುಂಡಿ ತಪ್ಪತೊಡಗಿತು, ಮನೆದಾರಿ ಯಾವಾಗ ತಪ್ಪಿತು, ನಿಮ್ಮ ಹೆಸರು ಇನ್ನೂ ಬಾಯಿಗೆ ಬರುತ್ತದೆಯೋ ಇಲ್ಲವೋ, ಬರೆಯಿರಿ. ಸಕ್ಕರೆ, ಬಿಪಿ ನೋಡಿಸಿ. ಬೀಡಿ ಬಿಡಿಸಿ. ಮೊದಲ ರೊಟ್ಟಿ ಅವನಿಗೆ ಹಾಕಿ.

ಉತ್ತರವನ್ನು ಇದೇ ಲಕೋಟೆಯಲ್ಲಿಡಿ, ಅದು ಬಂದು ಸೇರುತ್ತದೆ. ನೀಲವ್ವನಿಗೆ ಔಷಧಿ ಶುರುವಾಗುವುದು ನಮ್ಮ ಕಾಲದ ಈ ಮಾರ್ಚ್ ಹದಿನೆಂಟಕ್ಕೆ. ಹದಿನೇಳರೊಳಗೆ ಉತ್ತರ ಬೇಕು.