ತಾನೇ ನಿಲ್ಲುವ ಗಾಡಿ

ಮೋರಖಂಡಿ, ತಾ. ಬಸವಕಲ್ಯಾಣ
೧೬ ಫೆಬ್ರವರಿ ೨೦೨೫, ರವಿವಾರ

ಪ್ರೀತಿಯ ಮಗ ಜ್ಞಾನೇಶ್ವರನಿಗೆ, ನಿನ್ನ ಅವ್ವ ತಲೆ ನೇವರಿಸಿ ಬರೆಯುವುದು.

ಹೇಗಿದ್ದೀಯಪ್ಪಾ? ದಿನವಿಡೀ ಕ್ರೇನಿನ ಮೇಲೆ ಕೂತು ನಡು ನೋಯುತ್ತದೆ ಅಂದಿದ್ದೆ, ಪುಣೆಯಲ್ಲಿ ಎಣ್ಣೆ ತಿಕ್ಕಲು ಯಾರಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣು. ನಾವು ಆರಾಮ ಅಂತ ಬರೆಯಬೇಕು, ಕೈ ಬರುತ್ತಿಲ್ಲ. ಫೋನು ಬಿಟ್ಟು ಕಾಗದ ಯಾಕೆ ಅಂತ ನಗಬೇಡ. ನಿಮ್ಮಪ್ಪನ ಫೋನು ಅವರ ಕಿಸೆ ಬಿಟ್ಟು ಹೊರಗೆ ಬರುವುದಿಲ್ಲ, ಬಂದರೂ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ. ನಿನ್ನ ತಂಗಿ ಪೂನಂಳ ಫೋನನ್ನು ಸಾಕರಪುಡಾ ಆಗಿ ಲಗ್ನ ನಿಶ್ಚಯವಾದ ಮೇಲೆ ಆಗುವ ಅಳಿಯ ಓಂಪ್ರಕಾಶ ಇಸಿದುಕೊಂಡ, ಹೊಸದು ಕೊಡಿಸುತ್ತೇನೆ ಅಂತ. ಇನ್ನೂ ಕೊಡಿಸಿಲ್ಲ. ನಮ್ಮ ಓಣಿಯ ಸಂಘರತ್ನ ನಾಳೆ ಪುಣೆಗೆ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲೇ ಕೊಡುತ್ತೇನೆ.

ನೀನು ಹೋದ ಸಲ, 'ಗಾಡಿ ಹ್ಯಾಂಗದ ನೋಡಿ ಹೇಳವ್ವ, ಚಲೋ ಇದ್ದರ ಸಾಲದ ಕಾಗದಕ್ಕ ಸಹಿ ಮಾಡ್ತೇನಿ' ಅಂದಿದ್ದೆ. ಬೀಗರು ಕಾರು ಕೇಳಿದರೂ ಅದನ್ನು ಹುಂಡಾ, ವರದಕ್ಷಿಣೆ ಅನ್ನುವುದಿಲ್ಲ, ಮರ್ಯಾದಸ್ಥರು ನೋಡು. ಪೂನಂ ಆರಾಮ ಕೂತು ತವರಿಗೆ ಬರಲಿ ಅಂತ ಗಾಡಿಯಂತೆ. ಆದರೆ ಗಾಡಿ ಅವರ ಅಂಗಳದಲ್ಲಿ ನಿಂತ ಮೇಲೇ ಲಗ್ನದ ದಿನ ಗೊತ್ತಾಗುವುದು. ಅದಕ್ಕೇ ಶುಕ್ರವಾರ ಹುಮನಾಬಾದಿನ ಶೋರೂಮಿಗೆ ಗಾಡಿ ನೋಡಲು ಹೋಗಿದ್ದೆವು. ಓಂಪ್ರಕಾಶ, ಸಂಬಂಧ ತಂದ ಬಸವಣಪ್ಪ, ಪೂನಂ ಮತ್ತು ನಾನು. ನಿಮ್ಮಪ್ಪ ಕುರಿ ಬಿಟ್ಟು ಬರಲಿಲ್ಲ.

ಗಾಡಿಯ ಮಾತು ಮೊದಲು ಹೇಳಿಬಿಡುತ್ತೇನೆ. ಎತ್ತರ ಹದವಾಗಿದೆ, ನಮ್ಮ ಮುದುಕಿ ನಿನ್ನ ಅಜ್ಜಿ ಕೂಡ ಮಣೆ ಇಲ್ಲದೆ ಹತ್ತಿಯಾಳು. ಹಿಂದೆ ಮೂವರು ಮೊಣಕಾಲು ತಾಗದ ಹಾಗೆ ಕೂಡಬಹುದು, ಅದೂ ಬಸವಣಪ್ಪನ ಹೊಟ್ಟೆ ಸೇರಿ. ಡಿಕ್ಕಿಯಲ್ಲಿ ಜೋಳದ ಎರಡು ಚೀಲ ಹಿಡಿಯುತ್ತವೆ. ರಸ್ತೆಯ ಉಬ್ಬಿಗೆ ಹೊಟ್ಟೆ ಉಜ್ಜಲಿಲ್ಲ. ಚಾವಣಿಯಲ್ಲಿ ಒಂದು ಕಿಟಕಿ ಇದೆ, ನಮ್ಮ ಬಿಸಿಲಿನ ನಾಡಿನಲ್ಲಿ ತಲೆ ಮೇಲೆ ಕಿಟಕಿ ಯಾರಿಗೆ ಬೇಕೋ ದೇವರೇ ಬಲ್ಲ. ಇನ್ನೊಂದು ಗುಣವೂ ಇದೆ. ಎದುರಿಗೆ ಅಡ್ಡ ಬಂದರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ.

ಅದನ್ನು ನಾನು ಕಣ್ಣಾರೆ ಕಂಡೆ. ಘಾಟಬೋರಾಳದ ಕಡೆ ಓಂಪ್ರಕಾಶನೇ ಹೊಡೆಯುತ್ತಿದ್ದ, ಶೋರೂಮಿನವನು ಪಕ್ಕದಲ್ಲಿದ್ದ. ಕುರಿ ಹಿಂಡಿನ ಮುಂದೆ ಒಬ್ಬ ಮುದುಕ ಕಂಬಳಿ ಹೊದ್ದು ರಸ್ತೆ ದಾಟುತ್ತಿದ್ದ. ಇವನು ಹಾರ್ನ್ ಒತ್ತಿದನೇ ಹೊರತು ವೇಗ ಇಳಿಸಲಿಲ್ಲ. ಗಾಡಿ ತಾನೇ ಗಕ್ಕನೆ ನಿಂತಿತು. ಶೋರೂಮಿನವನು ಹಿಗ್ಗಿದ. ಓಂಪ್ರಕಾಶನ ಮುಖ ಕೆಂಪಾಯಿತು. 'ಗಾಡಿ ನಾ ಹೊಡಿಯಾಕತ್ತೀನಿ, ನಡುವ ಇದ್ಯಾಕ ಕಾಲು ಹಾಕ್ತದ? ಬಂದ್ ಮಾಡ್ರಿ ಅದನ್ನ' ಅಂದ. 'ಇರ್ಲಿ ಬಿಡ್ರಿ ಸಾಹೇಬ್ರ, ಜೀವಾ ಉಳಸ್ತದ' ಅಂತ ಆತ ಅಂದರೂ ಕೇಳಲಿಲ್ಲ, ಬಂದ್ ಮಾಡಿಸಿದ.

ವಾಪಸು ಬರುವಾಗ ಅದೇ ಹಿಂಡು ರಸ್ತೆಯ ಮೇಲೇ ಇತ್ತು. ಗಬ್ಬದ ಕುರಿಯೊಂದು ಹಿಂದೆ ಬಿದ್ದು ಭಾರವಾಗಿ ದಾಟುತ್ತಿತ್ತು. ಇವನು ನಿಲ್ಲಿಸುವುದಿಲ್ಲ ಅಂತ ನನಗೆ ತಿಳಿಯಿತು. ನಾನೇನು ಮಾಡಿದೆ ಗೊತ್ತೇ? ಬ್ರೇಕ್ ಹಾಕು ಅಂತ ಅವನಿಗೆ ಕೂಗಬೇಕಿತ್ತು. ಹುಟ್ಟಿದಾಗಿನಿಂದ ಕುರಿಯ ಹಿಂದೆ ತಿರುಗಿದ ಬಾಯಿ, ನಾಲಿಗೆ ಹೊರಳಿಸಿ 'ಹುರ್ರ್' ಅಂತ ಕುರಿಗೆ ಕೂಗಿದೆ, ತಿರುಗಲಿ ಅಂತ. ಗಾಜು ಏರಿಸಿದ್ದರು, ಏಸಿ ಹಾಕಿದ್ದರು. ನನ್ನ ಕೂಗು ಗಾಡಿಯೊಳಗೇ ಉಳಿಯಿತು. ಓಂಪ್ರಕಾಶ ನಕ್ಕ, ನಗುತ್ತಲೇ ಗುದ್ದಿದ. ಆ ಸದ್ದು ನನ್ನ ಕಿವಿಯಿಂದ ಹೋಗುತ್ತಿಲ್ಲ.

ಗಾಡಿ ಮುಂದೆ ಹೋಗಿ ನಿಂತಿತು. ಅವನು ಇಳಿದು ಬಂಪರ್ ಸವರಿ ನೋಡಿದ, ಹಿಂದಕ್ಕೆ ತಿರುಗಿ ಸಹ ನೋಡಲಿಲ್ಲ. ಪೂನಂ ಮಾತ್ರ ಓಡಿಹೋಗಿ ಕುರಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹೊಟ್ಟೆಯೊಳಗಿನ ಮರಿ ಇನ್ನೂ ಒದೆಯುತ್ತಿತ್ತಂತೆ. 'ರೊಕ್ಕಾ ತಗೋ ಮುದುಕಾ, ಬಾಯಿ ಮುಚ್ಚು' ಅಂತ ಇವನು ನೋಟು ಎಸೆದ. ಆ ಮುದುಕ ಅದನ್ನು ಮುಟ್ಟಲಿಲ್ಲ. ಓಂಪ್ರಕಾಶನ ಅಜ್ಜನೂ ಕುರಿ ಕಾದವನೇ ಮಗಾ, ಅದೇ ನನಗೆ ಹೆಚ್ಚು ನೋಯುತ್ತದೆ.

ಟಗರು ಕೊಳ್ಳುವಾಗ ನಾವು ಮೊದಲು ಮರಿಗಳ ನಡುವೆ ಬಿಟ್ಟು ನೋಡುತ್ತೇವೆ, ಮೇವಿನ ಹತ್ತಿರ ಮರಿಗೆ ಹಾಯ್ದರೆ ಎಷ್ಟೇ ಚೆಂದವಿದ್ದರೂ ಬಿಟ್ಟು ಬರುತ್ತೇವೆ. ಅಳಿಯನನ್ನು ಮಾತ್ರ ಅವನ ಅಂಗಿ ನೋಡಿ ಒಪ್ಪಿದೆವು. ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದರೆ, 'ಕುರಿ ಸತ್ತದ್ದಕ್ಕ ಯಾರರ ಲಗ್ನ ಮುರೀತಾರೇನು? ಮಂದಿ ನಗ್ತಾರ. ಮಾತು ಕೊಟ್ಟೀನಿ' ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಯನ್ನೂ ನನಗೇ ಹೇಳಿದರು. ಹೆದರಿಕೆಯಾಗುತ್ತದೆ ಜ್ಞಾನೇಶ್ವರ. ಪೂನಂ ಅಂದಿನಿಂದ ಸರಿಯಾಗಿ ಉಂಡಿಲ್ಲ.

ಅಜ್ಜಿ ನಿನ್ನನ್ನು ದಿನಾ ನೆನೆಯುತ್ತಾಳೆ. ಸಂಘರತ್ನನ ಕೈಯಲ್ಲಿ ಶೇಂಗಾ ಹಿಂಡಿ ಕುಟ್ಟಿ ಕಳಿಸಿದ್ದೇನೆ, ರೊಟ್ಟಿಗೆ ಹಚ್ಚಿಕೊಂಡು ತಿನ್ನು, ಗೆಳೆಯರಿಗೂ ಕೊಡು. ಎತ್ತರದಲ್ಲಿ ಕೆಲಸ ಮಾಡುವವನು, ದೇವರು ನಿನ್ನ ಕಾಲಿಗೆ ಬಲ ಕೊಡಲಿ, ನೂರು ವರ್ಷ ಬಾಳು.

ನಿನ್ನ ಅವ್ವ,
ರುಕ್ಮಿಣಿಬಾಯಿ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಪೂನಂ ಕುರಿಯನ್ನು ಬಿಟ್ಟು ಏಳಲಿಲ್ಲ. ಓಂಪ್ರಕಾಶ ಅವಳ ತೋಳು ಹಿಡಿದು ಎಳೆದು ತಂದು ಗಾಡಿಯೊಳಗೆ ನೂಕಿದ. ಅವಳ ಕೈ ಇನ್ನೂ ಹೊರಗಿತ್ತು, ನೋಡಿಯೇ ಬಾಗಿಲು ಹಾಕಿದ. ಎರಡು ಬೆರಳು ಮುರಿದಿವೆ, ಬಸವಕಲ್ಯಾಣದಲ್ಲಿ ಪಟ್ಟಿ ಕಟ್ಟಿಸಿ ತಂದೆ. ಇದನ್ನೂ ನಿಮ್ಮಪ್ಪನಿಗೆ ಹೇಳಿದೆ. 'ನಾಳೆ ಅವನ ಹೇಣ್ತಿ ಆಗಾಕಿ, ಗಂಡಸರ ಕೈ ಒಮ್ಮೊಮ್ಮೆ ಬಿರುಸ ಇರ್ತದ' ಅಂದರು. ಕಾಗದ ಮುಟ್ಟಿದ ಕೂಡಲೇ ನಿಮ್ಮಪ್ಪನಿಗೆ ಫೋನು ಮಾಡು, ಬ್ಯಾಂಕಿನವರು ಸಾಲ ಕೊಡುವುದಿಲ್ಲ ಅಂದರು ಅಂತ ಸುಳ್ಳು ಹೇಳು. ತಂಗಿಯ ಬೆರಳಿನ ಮಾತು ಎತ್ತಬೇಡ, ಅದನ್ನು ಕೇಳಿಯೂ ಅವರು ಲಗ್ನ ಮಾಡುತ್ತಾರೆ. ಗಾಡಿ ಬರುವುದಿಲ್ಲ ಅಂದರೆ ಬೀಗರೇ ಬಿಟ್ಟು ಹೋಗುತ್ತಾರೆ.